ನೀರೋ ಎಣ್ಣೆಯೋ

ಜನವರಿ ೮

ಪ್ರೀತಿಯ ಪುಟ್ಟಿಗೆ,

ನೀನು ಸುಖವಾಗಿ ಮನೆ ತಲುಪಿದ ಸುದ್ದಿಯನ್ನು ನಿನ್ನ ಯಜಮಾನರು ಫೋನಿನಲ್ಲಿ ತಿಳಿಸಿದರು. ಫೋನಿನಲ್ಲಿ ನಾನು ಹೆಚ್ಚು ಮಾತನಾಡುವವಳಲ್ಲ. ಅಲ್ಲಿ ವಾಕ್ಯಗಳು ಅರ್ಧಕ್ಕೇ ಕಡಿದುಹೋಗುತ್ತವೆ. ಕಡಿದದ್ದನ್ನು ಜೋಡಿಸುವ ಹೊಣೆಯನ್ನು ಯಾರೂ ಹೊರುವುದಿಲ್ಲ. ಆದ್ದರಿಂದ ಈ ಕಾಗದ.

ಶನಿವಾರ ಕುಲುಮೆಯಲ್ಲಿ ನೀನು ಮಾಡಿದ ಬೆಸುಗೆಗೆ ಅಭಿನಂದನೆ ಹೇಳುವುದು ಉಳಿದುಹೋಗಿತ್ತು. ಬಸ್ಸಿಗೆ ಹೊತ್ತಾಗಿತ್ತು ಎಂದುಕೋ. ನಾಲ್ಕು ಪಟ್ಟಿ ಉಕ್ಕು, ಅವುಗಳ ನಡುನಡುವೆ ಮೂರು ಪಟ್ಟಿ ಮೆತು ಕಬ್ಬಿಣ. ಮೇಲೆ ಬಿಳಿಗಾರ ಉದುರಿಸಿ, ಕೆಂಡದಲ್ಲಿ ಹೂತು, ಆ ಪಟ್ಟಿಗಳ ಕಟ್ಟು ಬೆಣ್ಣೆ ಸವರಿದಂತೆ ಹೊಳೆಯುವ ಕ್ಷಣದಲ್ಲಿ ತೆಗೆದು ಬಡಿದರೆ ಏಳು ಪದರಗಳೂ ಒಂದಾಗಬೇಕು ಎಂದು ನಿನಗೆ ವಿವರಿಸಿದವಳು ನಾನು. ಹದಿನಾಲ್ಕು ತಿಂಗಳಿಂದ ಅದು ನನಗೆ ಒಲಿದಿಲ್ಲ. ನನ್ನ ಕಟ್ಟುಗಳು ಹೊಲಿಗೆ ಬಿಟ್ಟ ಪುಸ್ತಕದಂತೆ ಹಾಳೆಹಾಳೆಯಾಗುತ್ತವೆ. ನೀನು ರವಿಕೆಯ ತೋಳು ಮಡಚಿ, "ಕೊಡು ಇಲ್ಲಿ, ಒಂದು ಸಲ ನೋಡೋಣ" ಎಂದೆ. ಮೊದಲ ಸಲಕ್ಕೇ ಕೂತಿತು.

ನಮ್ಮ ಕಮ್ಮಾರರು ವಾರವಿಡೀ ಗೇಟು, ಕಿಟಕಿಯ ಸರಳು ಮಾಡುವವರು. ಶನಿವಾರ ಮಧ್ಯಾಹ್ನ ಮಾತ್ರ ಕೆಂಡವನ್ನು ನನಗೆ ಬಿಟ್ಟುಕೊಡುತ್ತಾರೆ. ಇಷ್ಟು ದಿನಗಳಲ್ಲಿ ಅವರಿಂದ ನನಗೆ ದೊರೆತ ಅತಿ ದೊಡ್ಡ ಹೊಗಳಿಕೆ, "ಪರವಾಗಿಲ್ಲ ಟೀಚರಮ್ಮ, ಕಬ್ಬಿಣಕ್ಕೇನೂ ನೋವಾಗಿಲ್ಲ" ಎಂಬುದು. ನಿನ್ನ ಬೆಸುಗೆಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. "ಇದು ಕಲಿತು ಬರೋದಲ್ಲ, ಕೈಯಲ್ಲೇ ಇರಬೇಕು" ಎಂದರು. ಆ ಮಾತನ್ನು ನನ್ನ ಮುಖ ನೋಡಿಕೊಂಡು ಹೇಳಬೇಕಾಗಿರಲಿಲ್ಲ.

ಈ ವಯಸ್ಸಿನಲ್ಲಿ ಕತ್ತಿ ಮಾಡುವ ಹುಚ್ಚೇಕೆ ಎಂದು ನೀನು ಕೇಳಿದೆ. ಮೂವತ್ತೆರಡು ವರ್ಷ ಇತಿಹಾಸದ ಪಾಠಕ್ಕೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದ ಕತ್ತಿ ಬರೆದೆ. ಪ್ರತಿವರ್ಷ ಮಕ್ಕಳನ್ನು ಸಾಲುಗಟ್ಟಿಸಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಗಾಜಿನ ಪೆಟ್ಟಿಗೆಯೊಳಗಿನ ತುಕ್ಕು ಹಿಡಿದ ಕತ್ತಿಯನ್ನು ತೋರಿಸಿದೆ. ಕೊನೆಯ ವರ್ಷ ಒಬ್ಬ ಹುಡುಗಿ, "ಮಿಸ್, ಇದು ನಿಜವಾಗ್ಲೂ ಕಡೀತಿತ್ತಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮೂವತ್ತೆರಡು ವರ್ಷ ಪಾಠ ಹೇಳಿದ್ದೆ.

ಏಪ್ರಿಲ್ ಕೊನೆಗೆ ಇಲ್ಲಿ ಹವ್ಯಾಸಿ ಕಮ್ಮಾರರ ಕೂಟ. ಪರೀಕ್ಷೆಯಲ್ಲಿ ಗೆದ್ದ ಕತ್ತಿಯನ್ನು ಅದೇ ಗಾಜಿನ ಪೆಟ್ಟಿಗೆಯಲ್ಲಿ, ಆ ತುಕ್ಕು ಕತ್ತಿಯ ಪಕ್ಕದಲ್ಲಿ ಇಡುವರಂತೆ. ನನಗೆ ಇನ್ನೇನೂ ಬೇಡ, ಅದೊಂದು ಬೇಕು.

ಕುಲುಮೆಯ ಮೂಲೆಯಲ್ಲಿ ಗೋಣಿಚೀಲ ಮುಚ್ಚಿದ್ದ ಮೂರು ಅಲಗುಗಳು ಹಳೆಯ ಪ್ರಯತ್ನಗಳು. ಹೇಳುವಂಥದ್ದೇನಿಲ್ಲ.

ನಿನ್ನ ಅಕ್ಕ

•

ಜನವರಿ ೨೧

ಅಕ್ಕಾ,

ಕಾಗದ ಬಂತು. ಇದರಲ್ಲಿರೋ ತಪ್ಪುಗಳಿಗೆ ಕೆಂಪು ಶಾಯಿ ತುಂಬಿಸಿ ಇಟ್ಟುಕೋ. ಬೆಳಗಿನ ಬ್ರೆಡ್ಡು ಒಲೆಗೆ ಹೋದ ಮೇಲೆ, ಹಿಟ್ಟು ಕೈಯಲ್ಲೇ ಬರೆಯುತ್ತಿದ್ದೇನೆ.

ಅವತ್ತು ಬಾಯಿ ತುದಿಗೆ ಬಂದಿದ್ದನ್ನು ಈಗ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಕಟ್ಟನ್ನು ಕೆಂಡದಿಂದ ಮತ್ತೆ ಮತ್ತೆ ಹೊರಗೆ ಎಳೆದು ನೋಡುತ್ತೀಯ, ಮಕ್ಕಳ ನೋಟ್‌ಬುಕ್ ತಪಾಸಣೆ ಮಾಡಿದ ಹಾಗೆ. ಗಾಳಿ ತಾಕಿದಾಗಲೆಲ್ಲ ಮೇಲೆ ಕಪ್ಪು ಹೊಪ್ಪಳೆ ಕಟ್ಟುತ್ತದೆ. ಹೊಪ್ಪಳೆ ಮೇಲೆ ಬೆಸುಗೆ ಎಲ್ಲಿ ಕೂರುತ್ತೆ? ನಮ್ಮ ಒಲೆಯ ಬಾಗಿಲು ಮಧ್ಯದಲ್ಲಿ ತೆಗೆದರೆ ಬ್ರೆಡ್ಡು ಕುಸಿದುಹೋಗುತ್ತದೆ. ಬೇಕರಿಯಲ್ಲಿ ನಾನು ಕಲಿತಿದ್ದು ಅದೊಂದೇ. ನೋಡಬೇಡ, ಕಾಯಿ.

ಇನ್ನೊಂದು ಸುದ್ದಿ. ಹಿತ್ತಲಲ್ಲಿ ನಾನೂ ಒಂದು ಕುಲುಮೆ ಹಾಕಿಕೊಂಡೆ. ಹಳೇ ಲಾರಿಯ ಬ್ರೇಕ್ ಡ್ರಮ್ಮು, ಅದರ ಕೆಳಗೊಂದು ಪೈಪು, ತಿದಿಯ ಬದಲು ಕೂದಲು ಒಣಗಿಸೋ ಯಂತ್ರ. ನಮ್ಮ ಮನೆಯವರು ನೋಡಿ, "ಯಾರ ಮೇಲೆ ದಂಡೆತ್ತಿ ಹೋಗ್ತೀಯೇ? ಎದುರು ಬೇಕರಿಯವನ ಮೇಲಾದ್ರೆ ಹೇಳು, ನಾನೂ ಬರ್ತೀನಿ" ಅಂದರು.

ಪುಟ್ಟಿ

•

ಫೆಬ್ರವರಿ ೬

ಪುಟ್ಟಿಗೆ,

ನಿನ್ನ ಕಾಗದವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಹನ್ನೊಂದು ಕಡೆ ಗುರುತು ಹಾಕಿದ್ದೇನೆ. ಅವುಗಳಲ್ಲಿ ನಾಲ್ಕು, ಕಳೆದ ವರ್ಷವೂ ತಿದ್ದಿದ್ದವು.

ಕಬ್ಬಿಣಕ್ಕೂ ಬ್ರೆಡ್ಡಿಗೂ ನೀನು ಕೊಟ್ಟ ಹೋಲಿಕೆ ಚೆನ್ನಾಗಿದೆ. ಆದರೆ ಹೋಲಿಕೆಯು ಪ್ರಮಾಣವಲ್ಲ. ನಾನು ಓದಿದ ಯಾವ ಗ್ರಂಥದಲ್ಲಿಯೂ ಒಲೆಯ ಬಾಗಿಲಿನ ಪ್ರಸ್ತಾಪವಿಲ್ಲ.

ನೀನೂ ಕುಲುಮೆ ಹಾಕಿಕೊಂಡದ್ದು ಸಂತೋಷ. ಆಶ್ಚರ್ಯವೇನೂ ಆಗಲಿಲ್ಲ. ಈಜು ಕಲಿಯಬೇಕೆಂದು ಅಪ್ಪನನ್ನು ಆರು ತಿಂಗಳು ಕಾಡಿದವಳು ನಾನು. ದಂಡೆಯಲ್ಲಿ ನನ್ನ ಬಟ್ಟೆ ಕಾಯಲು ಬಂದ ನೀನು ಸಂಜೆಯೊಳಗೆ ಆಚೆಯ ದಡ ಮುಟ್ಟಿದ್ದೆ. ಬಹುಮಾನದ ಹಣದಲ್ಲಿ ಹಾರ್ಮೋನಿಯಂ ತರಿಸಿದವಳು ನಾನು. ಮನೆಗೆ ಬಂದವರು "ಚಿಕ್ಕವಳ ಕೈಯಲ್ಲಿ ಒಂದು ಹಾಡು ಕೇಳಿಸಿ" ಎನ್ನುತ್ತಿದ್ದರು. ಕಡೆಗೆ ಅಮ್ಮನ ಕಾಯಿಲೆಯಲ್ಲಿ, ಮೂರು ತಿಂಗಳು ಹಗಲಿರುಳು ನೋಡಿಕೊಂಡವಳು ನಾನು; ಎರಡು ದಿನಕ್ಕೆಂದು ಬಂದ ನಿನ್ನ ಕೈಯಿಂದ ಆಕೆ ಗಂಜಿ ಕುಡಿದಳು. ಇದನ್ನು ದೂರು ಎಂದು ತಿಳಿಯಬೇಡ. ಇತಿಹಾಸ ಎಂದು ತಿಳಿ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು.

ಅಕ್ಕ

•

ಮಾರ್ಚ್ ೧೧

ಅಕ್ಕಾ,

ತಿದ್ದಿದ್ದು ನೋಡಿಕೊಂಡೆ. ನಾಲ್ಕನ್ನೂ ಹತ್ತತ್ತು ಸಲ ಬರೆದೆ. ನಿಜವಾಗಿ.

ನನ್ನ ಕತ್ತಿಗೆ ಆಕಾರ ಬಂದಿದೆ. ನೀನು ಹೇಳಿದ ಲೆಕ್ಕವೇ: ಲಾರಿ ಸ್ಪ್ರಿಂಗಿನ ಉಕ್ಕು ನಾಲ್ಕು ಪಟ್ಟಿ, ಮೆತು ಕಬ್ಬಿಣ ಮೂರು. ಬೆಸೆದು, ಉದ್ದಕ್ಕೆ ಎಳೆದು, ಮಡಚಿ, ಮತ್ತೆ ಬೆಸೆದೆ. ಹಿಟ್ಟನ್ನು ಮಡಚಿ ಲಟ್ಟಿಸಿದ ಹಾಗೆಯೇ ಅಕ್ಕಾ, ಕೈಗೆ ಬೇರೆ ಪಾಠ ಬೇಕಾಗಲಿಲ್ಲ. ಈಗ ಅರ ಹಾಕಿ ಉಜ್ಜುತ್ತಿದ್ದೇನೆ. ಪದರಗಳು ನೀರಿನ ಅಲೆಯ ಹಾಗೆ ಕಾಣುತ್ತವೆ. ಫೋಟೋ ಇಟ್ಟಿದ್ದೇನೆ ನೋಡು.

ಒಂದು ಮಾತು ಕೇಳಲೋ ಬೇಡವೋ ಅಂತ ವಾರದಿಂದ ಯೋಚನೆ. ಆ ಕೂಟಕ್ಕೆ ನಾನೂ ಕತ್ತಿ ತರಲಾ? ನೀನು ಬೇಡ ಅಂದರೆ ಬೇಡ. ಅಡುಗೆಮನೆ ಗೋಡೆಗೆ ನೇತು ಹಾಕುತ್ತೇನೆ, ಮನೆಯವರು ಹೆದರಿಕೊಂಡಾದರೂ ಇರಲಿ.

ಇನ್ನು ಉಳಿದಿರೋದು ಹದ ಕೊಡೋದು. ಅಯಸ್ಕಾಂತ ಅಂಟದಷ್ಟು ಕಾಯಿಸಿ ಅದ್ದಬೇಕು ಅಂತ ಗೊತ್ತು. ಯಾವುದರಲ್ಲಿ ಅದ್ದಲಿ? ನೀರೋ ಎಣ್ಣೆಯೋ? ನೀನು ಓದಿಕೊಂಡವಳು, ನೀನೇ ಹೇಳು. ನಿನ್ನ ಕಾಗದ ಬರೋವರೆಗೂ ಅಲಗನ್ನು ಮುಟ್ಟೋದಿಲ್ಲ.

ಪುಟ್ಟಿ

•

ಮಾರ್ಚ್ ೧೭

ಪ್ರೀತಿಯ ಪುಟ್ಟಿಗೆ,

ಕೂಟಕ್ಕೆ ಬರಲು ನನ್ನ ಅಪ್ಪಣೆ ಏಕೆ? ಅದು ಎಲ್ಲರಿಗೂ ತೆರೆದದ್ದು. ಖಂಡಿತ ಬಾ. ಚಿತ್ರ ನೋಡಿದೆ, ಅಲಗು ನೇರವಾಗಿದೆ, ಮೊನೆ ಅಂದವಾಗಿದೆ.

ಹದದ ಬಗ್ಗೆ ಕೇಳಿದ್ದೀಯೆ. ಉತ್ತಮ ಪ್ರಶ್ನೆ. ಇದನ್ನು ಚಾರಿತ್ರಿಕವಾಗಿ ನೋಡಬೇಕು. ಮಧ್ಯಯುಗದ ಕಮ್ಮಾರರು ಕಾದ ಅಲಗನ್ನು ಸಾಮಾನ್ಯವಾಗಿ ನೀರಿನಲ್ಲಿಯೇ ಅದ್ದುತ್ತಿದ್ದರೆಂದು ಗ್ರಂಥಗಳು ಹೇಳುತ್ತವೆ. ಕೆಲವರು ಹರಿಯುವ ನೀರನ್ನು ಮೆಚ್ಚಿದರು, ಕೆಲವರು ನಿಂತ ನೀರನ್ನು. ನೀರಿಗೆ ಉಪ್ಪು ಬೆರೆಸಿದವರೂ ಉಂಟು, ಸೊಪ್ಪಿನ ರಸ ಬೆರೆಸಿದವರೂ ಉಂಟು. ಹದದ ಗುಟ್ಟನ್ನು ಮಗನಿಗೂ ಸಾಯುವ ಕಾಲಕ್ಕಷ್ಟೇ ಹೇಳಿದವರ ಕತೆಗಳಿವೆ. ನಮ್ಮ ಉದ್ದೇಶ ಹಳೆಯ ಕಾಲದ ಕತ್ತಿಯನ್ನು ಹಳೆಯ ಕಾಲದ ರೀತಿಯಲ್ಲಿ ಮಾಡಿ ನೋಡುವುದಾದ್ದರಿಂದ, ಅವರ ದಾರಿಯಲ್ಲಿ ನಡೆಯುವುದು ಶಾಸ್ತ್ರಕ್ಕೆ ಹೆಚ್ಚು ಹತ್ತಿರವಾದೀತು.

(ಈ ವಿಷಯದಲ್ಲಿ ನಾನು ಮಾಡಿಕೊಂಡ ಟಿಪ್ಪಣಿಗಳನ್ನು ಮುಂದಿನ ಮೂರು ಪುಟಗಳಲ್ಲಿ ನಕಲು ಮಾಡಿದ್ದೇನೆ. ಓದಿಕೋ.)

ಅದ್ದುವಾಗ ಕೈಗೆ ಚರ್ಮದ ಕವಚವಿರಲಿ. ಮುಖ ದೂರವಿರಲಿ.

ನಿನ್ನ ಅಕ್ಕ

•

ಏಪ್ರಿಲ್ ೩

ಅಕ್ಕಾ,

ನಿನ್ನೆ ನೀರಿನಲ್ಲಿ ಅದ್ದಿದೆ. ಟಿಣ್ ಅಂತ ಒಂದು ಸದ್ದು ಬಂತು, ಲೋಟ ಬಿದ್ದ ಹಾಗೆ. ಹಿಡಿಯಿಂದ ಒಂದು ಗೇಣು ಮೇಲೆ ಅಡ್ಡಕ್ಕೆ ಸೀಳಿತ್ತು. ಎತ್ತುವಷ್ಟರಲ್ಲಿ ಎರಡಾಯಿತು.

ಈ ಸಲ ಕೂಟಕ್ಕೆ ಬರುವುದಿಲ್ಲ.

ಪುಟ್ಟಿ

•

ಏಪ್ರಿಲ್ ೧೦

ಪ್ರೀತಿಯ ಪುಟ್ಟಿಗೆ,

ಓದಿ ಬಹಳ ವ್ಯಥೆಯಾಯಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕಮ್ಮಾರರಿಗೂ ಒಪ್ಪುತ್ತದೆ. ಎದೆಗುಂದಬೇಡ. ಮೊದಲ ಅಲಗು ಉಳಿಯುವುದು ಅಪರೂಪ ಎಂದು ಬಲ್ಲವರೆಲ್ಲ ಹೇಳುತ್ತಾರೆ.

ನಿನ್ನ ಈ ಕಾಗದದಲ್ಲಿ ತಿದ್ದುವುದು ಏನೂ ಇರಲಿಲ್ಲ.

ನನ್ನ ಸುದ್ದಿ ಹೇಳುವ ಸಮಯ ಇದಲ್ಲ. ಆದರೂ ಮುಚ್ಚಿಟ್ಟರೆ ನೀನೇ ಬೇಸರಪಡುತ್ತೀಯೆ. ಕಳೆದ ತಿಂಗಳು ನನ್ನ ಬೆಸುಗೆ ಕೂತಿತು. ಏಳು ಪದರವೂ ಕೂತವು. ಅಭ್ಯಾಸದ ಫಲ, ಅಷ್ಟೇ. ಹದವೂ ಕೊಟ್ಟಾಯಿತು. ಹಿಡಿಗೆ ತೊಗಲು ಸುತ್ತುವುದೊಂದು ಬಾಕಿ.

ನಿನ್ನ ಅಕ್ಕ

•

ಮೇ ೪

ಪುಟ್ಟಿ,

ಕೂಟ ಮುಗಿಯಿತು. ಹನ್ನೊಂದು ಕತ್ತಿಗಳು ಬಂದಿದ್ದವು. ಮೊನೆಯನ್ನು ಮರದ ಸೀಳಿನಲ್ಲಿ ಸಿಕ್ಕಿಸಿ, ಗೇಣು ಬಾಗಿಸಿ ಬಿಟ್ಟರು. ನೇರಕ್ಕೆ ಮರಳಿದವು ಮೂರೇ. ಹಗ್ಗ ಕಡಿಯುವ ಪರೀಕ್ಷೆಯಲ್ಲಿ ಉಳಿದದ್ದು ಒಂದು. ನನ್ನದು. ಸೋಮವಾರ ಅದು ಗಾಜಿನ ಪೆಟ್ಟಿಗೆ ಸೇರಿತು. ಕೆಳಗಿನ ಚೀಟಿಯಲ್ಲಿ "ಮಾಡಿದವರು: ನಿವೃತ್ತ ಇತಿಹಾಸ ಉಪಾಧ್ಯಾಯಿನಿ" ಎಂದಿದೆ. ಕಾಗುಣಿತ ಸರಿಯಾಗಿದೆ.

ಇಷ್ಟು ಬರೆದು ನಿಲ್ಲಿಸಬೇಕೆಂದು ಕುಳಿತಿದ್ದೆ. ಆಗುತ್ತಿಲ್ಲ.

ಕೂಟ ಮುಗಿದು ಸಾಮಾನು ಕಟ್ಟುವಾಗ ಕಮ್ಮಾರರು ನೀನೇಕೆ ಬರಲಿಲ್ಲವೆಂದು ವಿಚಾರಿಸಿದರು. ಅಲಗನ್ನು ನೀರಿನಲ್ಲಿ ಅದ್ದಿ ಸೀಳಿಸಿಕೊಂಡಳು ಎಂದೆ. ಅವರು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟರು.

"ನೀರಲ್ಲಾ? ಮಾರ್ಚ್ ಶುರುವಲ್ಲೇ ಫೋನ್ ಮಾಡಿ ಕೇಳಿದ್ರಲ್ಲ ಅವರು. ಲಾರಿ ಸ್ಪ್ರಿಂಗ್ ಉಕ್ಕು, ನೀರು ತಡೆಯಲ್ಲ, ಎಣ್ಣೆಗೇ ಹಾಕಿ ಅಂದಿದ್ದೆ. ನಿಮ್ಮ ಮೂರು ಅಲಗು ನೀರಲ್ಲಿ ಹೋಗಿದ್ದನ್ನೂ ಹೇಳಿದ್ದೆ." ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮನ್ನ ಕೇಳಲಿಲ್ವಾ ಟೀಚರಮ್ಮ?"

"ಕೇಳಿದಳು" ಎಂದೆ.

ಅವರು ಇಕ್ಕಳವನ್ನು ಎತ್ತಿ ಚೀಲಕ್ಕೆ ಹಾಕಿದರು. ಗಾಡಿಗೆ ನನ್ನ ಸಾಮಾನನ್ನು ಅವರೇ ಎತ್ತಿಡುತ್ತಿದ್ದರು ಪ್ರತಿಸಲ. ಅಂದು ನಾನೇ ಎತ್ತಿಟ್ಟೆ.

ಗೋಣಿಚೀಲದ ಕೆಳಗಿದ್ದವು ಅವೇ ಮೂರು. ಪದರವಿಲ್ಲದೆ, ಲಾರಿ ಸ್ಪ್ರಿಂಗಿನ ಒಂದೊಂದೇ ಪಟ್ಟಿಯಿಂದ ಮಾಡಿದ್ದವು. ಮೂರನ್ನೂ ನೀರಿನಲ್ಲಿ ಅದ್ದಿ ಕಳೆದುಕೊಂಡಿದ್ದೆ. ನಾಲ್ಕು ಪುಟ ಬರೆದೆ ನಿನಗೆ; ಅದನ್ನು ಬರೆಯಲಿಲ್ಲ. ಆ ನಾಲ್ಕು ಪುಟಗಳಲ್ಲಿ ಒಂದಾದರೂ ಸುಳ್ಳು ವಾಕ್ಯವಿದೆಯೇ ಎಂದು ಅಂಚೆಗೆ ಹಾಕುವ ಮೊದಲು ಎರಡು ಸಲ ಓದಿದ್ದೆ. ಇರಲಿಲ್ಲ. ಅಷ್ಟು ಎಚ್ಚರದಿಂದ ನಾನು ಯಾವ ಪ್ರಶ್ನೆಪತ್ರಿಕೆಯನ್ನೂ ಸಿದ್ಧಪಡಿಸಿದವಳಲ್ಲ.

ನಿನ್ನ ಫೋಟೋದಲ್ಲಿ ಪದರಗಳು ಅಲೆಯಂತೆ ಇದ್ದವು ಪುಟ್ಟಿ. ನನಗೆ ಅದನ್ನು ನೋಡಲಾಗಲಿಲ್ಲ. ಹೊಟ್ಟೆಕಿಚ್ಚು ಎಂಬ ಪದವನ್ನು ಮಕ್ಕಳಿಗೆ ಅರ್ಥ ಹೇಳಿ ಬರೆಸಿದ್ದೇನೆ. ಅದು ಇಷ್ಟು ತಣ್ಣಗೆ ಕುಳಿತು ಅಚ್ಚುಕಟ್ಟಾಗಿ ಕಾಗದ ಬರೆಯಬಲ್ಲದು ಎಂದು ತಿಳಿದಿರಲಿಲ್ಲ.

ಆದರೆ ಒಂದು ನನಗೆ ಅರ್ಥವಾಗುತ್ತಿಲ್ಲ. ಎಣ್ಣೆ ಎಂದು ಗೊತ್ತಿದ್ದೂ ನೀನೇಕೆ ನೀರಿಗೆ ಹಾಕಿದೆ?

ಅಕ್ಕ

•

ಜೂನ್ ೧೫

ಪುಟ್ಟಿ,

ಆರು ವಾರವಾಯಿತು. ಫೋನ್ ಮಾಡಿದೆ, ನಾನೇ ಮಾಡಿದೆ. ನಿನ್ನ ಯಜಮಾನರು ನೀನು ಹಿಟ್ಟು ನಾದುತ್ತಿದ್ದೀಯೆ ಎಂದರು. ಮೂರು ಸಲವೂ ಹಿಟ್ಟು ನಾದುತ್ತಿದ್ದೀಯೆ ಎಂದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ ಪಾಪ. ಬೇರೆ ಬೇರೆ ಕಾರಣ ಹೇಳಬಹುದಿತ್ತು.

ಅಕ್ಕ

•

ಜುಲೈ ೯

ಅಕ್ಕಾ,

ಸಿಟ್ಟು ಇಳಿಯಲಿ ಅಂತ ಕಾದೆ. ಪೂರ್ತಿ ಇಳಿದಿಲ್ಲ. ಆದರೂ ಬರೆಯುತ್ತೇನೆ.

ಎಣ್ಣೆ ಅಂತ ಮೊದಲೇ ಗೊತ್ತಿತ್ತು. ನೀನು ಮೂರು ಅಲಗು ಕಳೆದುಕೊಂಡಿದ್ದೂ ಗೊತ್ತಿತ್ತು. ಮತ್ತೆ ಯಾಕೆ ಕೇಳಿದೆ ಅಂದರೆ, ಒಲೆ ಬಾಗಿಲಿನ ಮಾತು ಬರೆದು ನಿನಗೆ ನೋವು ಮಾಡಿದ್ದೆ. ನನಗೆ ಹೇಳಿಕೊಡೋದಕ್ಕೆ ನಿನ್ನ ಹತ್ತಿರ ಏನಾದರೂ ಇರಲಿ ಅಂತ ಕೇಳಿದೆ. ಎಣ್ಣೆ ಅಂತ ಒಂದು ಪದ ಬರೆದಿದ್ದರೆ ಸಾಕಿತ್ತು. ನೀನು ನಾಲ್ಕು ಪುಟ ಬರೆದೆ. ಅಷ್ಟರಲ್ಲೂ ಯಾವ ಉಕ್ಕಿಗೆ ನೀರು, ಯಾವುದಕ್ಕೆ ಎಣ್ಣೆ ಅನ್ನೋದನ್ನು ಒಂದು ಕಡೆಯೂ ಹೇಳಿರಲಿಲ್ಲ. ಅರ್ಧವಿರಾಮ ಬಿಟ್ಟರೂ ಸಹಿಸದವಳು ನೀನು. ಮರೆತೆ ಅಂದುಕೊಳ್ಳಲು ಆಗಲಿಲ್ಲ.

ಅವತ್ತು ಹಿತ್ತಲಲ್ಲಿ ಎಡಕ್ಕೆ ನೀರಿನ ಡ್ರಮ್ಮು, ಬಲಕ್ಕೆ ಎಣ್ಣೆ ಡಬ್ಬ ಇಟ್ಟುಕೊಂಡೆ. ಎಣ್ಣೆ ಬೆಚ್ಚಗೂ ಮಾಡಿದ್ದೆ. ಮನೆಯವರು ನಿಂತು ನೋಡುತ್ತಾ, "ಯಾವುದಕ್ಕೆ ಹಾಕ್ತೀಯ?" ಅಂದರು. "ಅಕ್ಕ ನೀರು ಅಂದಿದ್ದಾಳೆ" ಅಂದೆ. ಕಮ್ಮಾರರು ತಪ್ಪು, ನಮ್ಮಕ್ಕ ಸರಿ ಅಂತ ಅಲಗೇ ಹೇಳಿಬಿಡಲಿ ಅಂತ ಹಾಕಿದೆ. ಎಣ್ಣೆಗೆ ಹಾಕಿದ್ದರೆ ಕತ್ತಿ ಉಳಿಯುತ್ತಿತ್ತು. ಆದರೆ ನೀನು ಬೇಕಂತಲೇ ಬರೆದೆ ಅಂತ ನಾನು ಒಪ್ಪಿಕೊಂಡ ಹಾಗೆ ಆಗುತ್ತಿತ್ತಲ್ಲ. ಅದಕ್ಕೆ ಕೈ ಬರಲಿಲ್ಲ.

ನೀನು ಇತಿಹಾಸ ಬರೆದೆಯಲ್ಲ, ನನ್ನದೂ ಸ್ವಲ್ಪ ಇದೆ. ಏಳನೇ ತರಗತಿಗೆ ನನ್ನನ್ನು ಬಿಡಿಸಿ ಬೇಕರಿಗೆ ಹಾಕಿದರು, ನಿನ್ನನ್ನು ಓದಿಸಿದರು. ನೀನು ಕಾಲೇಜಿನಿಂದ ಬರೆಯುತ್ತಿದ್ದ ಕಾಗದಗಳನ್ನು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ನಾನು ಒಲೆ ಮುಂದೆ ನಿಂತು ಕೇಳುತ್ತಿದ್ದೆ. ಈಜು, ಹಾರ್ಮೋನಿಯಂ ಎಲ್ಲ ಕೊಟ್ಟುಬಿಡುತ್ತಿದ್ದೆ, ಅಂಥದ್ದೊಂದು ಕಾಗದ ಬರೆಯಲು ಬಂದಿದ್ದರೆ. ಉರಿ ನಿನಗೊಬ್ಬಳಿಗೇ ಅಂದುಕೊಳ್ಳಬೇಡ. ನಾನು ಯಾರ ಕತ್ತಿಯನ್ನೂ ಮುರಿಯಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೇ ಕತ್ತಿ ಶುರುವಾಗಿದೆ. ಮುಂದಿನ ವರ್ಷ ತರುತ್ತೇನೆ. ಗಾಜಿನ ಪೆಟ್ಟಿಗೆಯಲ್ಲಿ ಜಾಗ ಮಾಡಲು ಹೇಳಿಡು.

ಒಂದೇ ಪ್ರಶ್ನೆ, ಈ ಸಲ ಒಂದೇ ಸಾಲಿನಲ್ಲಿ ಉತ್ತರ ಕೊಡು. ನಿನ್ನ ಬೆಸುಗೆ ಕೂತಿದ್ದು ಹೇಗೆ?

ಪುಟ್ಟಿ

•

ಜುಲೈ ೨೦

ಪುಟ್ಟಿ,

ಬಾಗಿಲು ತೆಗೆಯಲಿಲ್ಲ.

ಒಂದೇ ಸಾಲು ಎಂದಿದ್ದೆ, ಅದು ಮುಗಿಯಿತು. ಉಳಿದದ್ದು ನೀನು ಕೇಳದೆ ಹೇಳುತ್ತಿರುವುದು. ಕಟ್ಟನ್ನು ಕೆಂಡದಲ್ಲಿ ಹೂತು, ಗೋಡೆಯ ಕಡೆ ತಿರುಗಿ ನಿಂತು, ಹತ್ತೊಂಬತ್ತರ ಮಗ್ಗಿಯನ್ನು ಎರಡು ಸಲ ಹೇಳಿಕೊಂಡೆ. ಆಮೇಲೆ ತೆಗೆದೆ. ಕೂತಿತು. ನಿನ್ನ ಮಾತನ್ನು ಗ್ರಂಥದಲ್ಲಿಲ್ಲವೆಂದು ಬರೆದು ಕಳುಹಿಸಿದ ಮರುತಿಂಗಳೇ ಹಾಗೆ ಮಾಡಿದೆ. ಅಭ್ಯಾಸದ ಫಲ ಎಂದು ನಿನಗೆ ಬರೆದದ್ದು, ನಾನು ಬರೆದ ಒಂದೇ ಒಂದು ಶುದ್ಧ ಸುಳ್ಳು.

ನಿನ್ನೆ ವಸ್ತುಸಂಗ್ರಹಾಲಯಕ್ಕೆ ಹೋಗಿ, ಚೀಟಿಗೆ ಒಂದು ಸಾಲು ಸೇರಿಸಬೇಕೆಂದು ಮೇಲ್ವಿಚಾರಕಿಯನ್ನು ಕೇಳಿಕೊಂಡೆ. ಆಕೆ ಕಾರಣ ಕೇಳಿದಳು. ಹೇಳಿದೆ, ಎಲ್ಲವನ್ನೂ. ಈಗ ಅದರಲ್ಲಿ "ಬೆಸುಗೆಯ ಪಾಠ ಹೇಳಿಕೊಟ್ಟವರು: ಮಾಡಿದವರ ತಂಗಿ, ಬೇಕರಿಯವರು" ಎಂದಿದೆ. ಅಲ್ಲೇ ಬೆಂಚಿನ ಮೇಲೆ ಒಂದು ಗಂಟೆ ಕುಳಿತಿದ್ದೆ. ಶಾಲೆಯ ಮಕ್ಕಳ ಒಂದು ಸಾಲು ಬಂತು. ಇದು ಕಡಿಯುತ್ತದೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ಒಬ್ಬಳು ಚೀಟಿ ಓದಿ, "ಬೇಕರಿಯವ್ರಿಗೆ ಕತ್ತಿ ಮಾಡೋದು ಹೇಗೆ ಗೊತ್ತು ಮಿಸ್?" ಎಂದಳು. ಎಲ್ಲರೂ ಅದನ್ನೇ ಮಾತಾಡಿಕೊಂಡು ಮುಂದೆ ಹೋದರು. ಕತ್ತಿಯನ್ನು ಯಾರೂ ನೋಡಲಿಲ್ಲ.

ಉರಿಯಿತು ಪುಟ್ಟಿ. ಇಲ್ಲವೆಂದು ಬರೆದರೆ ತಪ್ಪು ಹೇಳಿಕೆಯಾಗುತ್ತದೆ. ಚೀಟಿ ಅಲ್ಲೇ ಇದೆ.

ಎಣ್ಣೆ. ಉಕ್ಕು ಲಾರಿ ಸ್ಪ್ರಿಂಗಿನದಾದರೆ ಎಣ್ಣೆಯೇ. ಬೆರಳದ್ದಿ ಮೂರು ಎಣಿಸುವಷ್ಟು ಬೆಚ್ಚಗಿರಲಿ. ಡಬ್ಬ ಅಲಗಿಗಿಂತ ಒಂದು ಗೇಣು ಆಳವಿರಲಿ. ಮೊನೆ ಕೆಳಗೆ ಮಾಡಿ ನೇರವಾಗಿ ಇಳಿಸು, ಪಕ್ಕಕ್ಕೆ ಅಲುಗಿಸಬೇಡ, ಅಲುಗಿದರೆ ಬಾಗುತ್ತದೆ. ಉರಿ ಎದ್ದರೆ ಮುಚ್ಚಲು ತಗಡಿನ ಮುಚ್ಚಳ ಪಕ್ಕದಲ್ಲಿರಲಿ. ಆಮೇಲೆ ನಿನ್ನ ಬ್ರೆಡ್ಡಿನ ಒಲೆಯಲ್ಲಿ ಎರಡು ಗಂಟೆ, ಅಲಗು ನೀಲಿಗೆ ತಿರುಗುವವರೆಗೆ. ನನಗೆ ಗೊತ್ತಿರುವುದು ಇಷ್ಟೇ, ಏನನ್ನೂ ಬಿಟ್ಟಿಲ್ಲ.

ಗೆಲ್ಲು ಎಂದು ಬರೆಯಲು ಇನ್ನೂ ಕೈ ಬರುತ್ತಿಲ್ಲ. ಬಾ ಎಂದು ಬರೆಯಬಲ್ಲೆ. ಬಾ.

ನಿನ್ನ ಅಕ್ಕ